ಮುಹೂರ್ತ ಹುಬ್ಬಳ್ಳಿಯಾಗ, ಶೂಟಿಂಗ್ ಮದುರೈಯಾಗ!

ಒಂದು ರೂಪಾಯಿ ಟಿಕೆಟ್ಟಿನ ವಿಮಾನ ಕಂಪನಿ ಹುಟ್ಟಿದ, ಹಾರಿದ, ಮಾರಾಟವಾದ ಖರೇ ಕಥೆ

ತಮಿಳಿನ ಸೂರ್ಯ ವಿಮಾನ ಹಾರಿಸಿದ ಚಿತ್ರವನ್ನು ನೋಡದ ಹುಡುಗ ಈ ಪತ್ರಿಕೆಯ ಓದುಗರಲ್ಲಿ ಒಬ್ಬನೂ ಇರಲಿಕ್ಕಿಲ್ಲ. ಕೊರೋನಾ ಕಾಟದಿಂದ ಟಾಕೀಸುಗಳು ಬಿಕೋ ಎನ್ನುತ್ತಿದ್ದ ಕಾಲ. 2020ರ ನವೆಂಬರ್ 12ರಂದು ‘ಸೂರರೈ ಪೋಟ್ರು’ ಅಮೆಜಾನ್ ಪ್ರೈಮಿನಲ್ಲಿ ಬಂತು. ಬಂದದ್ದು ಹೇಗೆ? ತಮಿಳಿನಲ್ಲಷ್ಟೇ ಅಲ್ಲ, ಕನ್ನಡಕ್ಕೂ ಡಬ್ ಆಗಿ! ನಮ್ಮ ಹುಡುಗರು ಅಂಗೈಯಗಲದ ಮೊಬೈಲಿನಲ್ಲಿ ನೋಡಿದರು, ಅತ್ತರು, ಸೀಟಿ ಹೊಡೆದರು. ಸಾಲದ್ದಕ್ಕೆ 2022ರ ಜುಲೈನಲ್ಲಿ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ, ಅತ್ಯುತ್ತಮ ನಟಿ, ಚಿತ್ರಕಥೆ, ಹಿನ್ನೆಲೆ ಸಂಗೀತ... ಐದು ಪ್ರಶಸ್ತಿ ಅದರ ಪಾಲಿಗೆ! ನಿರ್ದೇಶಕಿ ಸುಧಾ ಕೊಂಗರ ಹೆಸರು ಗಾಂಧಿನಗರದ ಚಹಾದ ಅಂಗಡಿಗಳಲ್ಲೂ ಕೇಳಿಸತೊಡಗಿತು.

ಆದರೆ ಗೆಳೆಯರೇ, ಆ ಚಿತ್ರದ ನಾಯಕ ನೆಡುಮಾರನ್ ಮದುರೈ ಕಡೆಯ ಶೋಳವಂದಾನದವನು ಅಂತ ನೀವು ನಂಬಿದ್ದರೆ, ಸ್ವಲ್ಪ ಇತ್ತ ಬರ್ರಿ. ಖರೇ ನಾಯಕ ನಮ್ಮವ. ಹಾಸನ ಜಿಲ್ಲೆಯ ಗೊರೂರಿನವ. ಮತ್ತು ಆ ಖರೇ ವಿಮಾನ 2003ರ ಆಗಸ್ಟ್ ತಿಂಗಳಲ್ಲಿ ಮೊದಲು ಹಾರಿದ್ದು ಚೆನ್ನೈಗೂ ಅಲ್ಲ, ಮದುರೈಗೂ ಅಲ್ಲ. ಬೆಂಗಳೂರಿಗೂ ನಮ್ಮ ಹುಬ್ಬಳ್ಳಿಗೂ ನಡುವೆ! ಗೋಕುಲ ರೋಡಿನ ಆ ಸಣ್ಣ ವಿಮಾನ ನಿಲ್ದಾಣದಲ್ಲಿ ಕ್ಲಾಪ್ ಆದ ಕಥೆಯನ್ನು ಮದ್ರಾಸಿನವರು ಚಿತ್ರ ಮಾಡಿದರು, ಮುಂಬೈಯವರು ರೀಮೇಕ್ ಮಾಡಿದರು. ನಮ್ಮವರು?

ಆ ಪ್ರಶ್ನೆ ಕಡೆಗೆ ಇರಲಿ. ಮೊದಲು ಕಥೆ ಕೇಳಿ.

ಮಾಸ್ತರರ ಮಗ, ಫೌಜಿನ ಕ್ಯಾಪ್ಟನ್

ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರಿನಿಂದ ಬಂದವರು ಜಿ.ಆರ್. ಗೋಪಿನಾಥ್. ಹುಟ್ಟಿದ್ದು 1951ರಲ್ಲಿ, ಮೇಲುಕೋಟೆಯಲ್ಲಿ. ತಂದೆ ಶಾಲಾ ಮಾಸ್ತರರು. ಹುಡುಗ ಓದಿದ್ದು ನಮ್ಮ ಉತ್ತರ ಕರ್ನಾಟಕದ ಬಿಜಾಪುರ ಸೈನಿಕ ಶಾಲೆಯಲ್ಲಿ. ಅಲ್ಲಿಂದ ಖಡಕ್‌ವಾಸ್ಲಾದ ಎನ್.ಡಿ.ಎ., ಆಮೇಲೆ ಸೈನ್ಯ. ಚಿತ್ರದಲ್ಲಿ ಸೂರ್ಯ ವಾಯುಪಡೆಯ ಅಧಿಕಾರಿ. ಖರೇ ಗೋಪಿನಾಥ್ ಭೂಸೈನ್ಯದ ಕ್ಯಾಪ್ಟನ್. 1971ರ ಬಾಂಗ್ಲಾ ಯುದ್ಧದಲ್ಲಿದ್ದವರು. ಎಂಟು ವರ್ಷ ಸಮವಸ್ತ್ರ ತೊಟ್ಟು, ಇನ್ನೂ ಮೂವತ್ತು ತುಂಬದಿರುವಾಗಲೇ ರಾಜೀನಾಮೆ ಕೊಟ್ಟು ಮನೆಗೆ ಬಂದರು.

ಮನೆ ಎಲ್ಲಿತ್ತು? ಹೇಮಾವತಿ ಅಣೆಕಟ್ಟಿನ ನೀರಿಗೆ ಮನೆತನದ ಜಮೀನು ಮುಳುಗಿತ್ತು. ಬದಲಿಗೆ ಸರ್ಕಾರ ಕೊಟ್ಟದ್ದು ಜಾವಗಲ್ ಹತ್ತಿರದ ಬಂಜರು ಭೂಮಿ. ಬೇರೆಯವರಾಗಿದ್ದರೆ ಅದನ್ನು ಮಾರಿ ಬೆಂಗಳೂರಿಗೆ ಬಸ್ ಹತ್ತುತ್ತಿದ್ದರು. ಈ ಮನುಷ್ಯ ಅಲ್ಲೇ ಡೇರೆ ಹೊಡೆದು ಕೂತರು. ತೆಂಗು ನೆಟ್ಟರು, ರೇಷ್ಮೆ ಹುಳ ಸಾಕಿದರು. ಪರಿಸರ ಕೆಡಿಸದ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಕೂಡ ಬಂತು. ನಡುವೆ ಎನ್‌ಫೀಲ್ಡ್ ಮೋಟರ್‌ಸೈಕಲ್ ಏಜೆನ್ಸಿ, ಹಾಸನದಲ್ಲಿ ಇಡ್ಲಿ-ದೋಸೆಯ ಹೋಟೆಲು, ನೀರಾವರಿ ಸಾಮಾನಿನ ವ್ಯಾಪಾರ... 1994ರಲ್ಲಿ ಗಂಡಸಿ ಕ್ಷೇತ್ರದಿಂದ ವಿಧಾನಸಭೆಗೆ ನಿಂತು ಸೋತದ್ದೂ ಆಯಿತು. ಚಿತ್ರದಲ್ಲಿ ನಾಯಕಿ ಬೊಮ್ಮಿ ಬೇಕರಿ ನಡೆಸುತ್ತಾಳಲ್ಲ, ಅದು ಮಾತ್ರ ಸುಳ್ಳಲ್ಲ. ಗೋಪಿನಾಥರ ಪತ್ನಿ ಭಾರ್ಗವಿ ಅವರೂ ಬೇಕರಿ ನಡೆಸಿದವರೇ.

ಇಂಥ ಮನುಷ್ಯನ ತಲೆಯಲ್ಲಿ ಹೆಲಿಕಾಪ್ಟರ್ ಹೊಕ್ಕಿತು. ಸೈನ್ಯದ ಗೆಳೆಯ, ಪೈಲಟ್ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ ಸೇರಿ ‘ಡೆಕ್ಕನ್ ಏವಿಯೇಷನ್’ ಕಟ್ಟಿದರು. 1997ರಲ್ಲಿ ಬಾಡಿಗೆ ಹೆಲಿಕಾಪ್ಟರ್ ಧಂದೆ ಶುರು. ಚುನಾವಣೆ ಬಂದರೆ ರಾಜಕಾರಣಿಗಳ ಸಾಲು, ಚುನಾವಣೆ ಇಲ್ಲದಾಗ ಗಣಿ ಧಣಿಗಳು, ಯಾತ್ರಿಕರು.

ಮುಂದೆ ಅಮೆರಿಕಾದ ಫೀನಿಕ್ಸ್ ನಗರಕ್ಕೆ ಹೋದಾಗ ಅಲ್ಲಿನ ಒಂದೇ ನಿಲ್ದಾಣದಲ್ಲಿ ದಿನಕ್ಕೆ ಸಾವಿರದಷ್ಟು ವಿಮಾನ ಏಳುವುದು-ಇಳಿಯುವುದು ನೋಡಿ ತಲೆ ತಿರುಗಿತಂತೆ. ಆಗ ನಮ್ಮ ಇಡೀ ದೇಶದ ನಿಲ್ದಾಣಗಳನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ! ಚಿತ್ರದಲ್ಲಿ ಈ ಜಾಗಕ್ಕೆ ಬೇರೆ ದೃಶ್ಯ ಇದೆ. ತಂದೆ ಸಾವಿನ ಹಾಸಿಗೆಯಲ್ಲಿ, ಟಿಕೆಟ್ಟಿಗೆ ಹಣ ಸಾಲದೆ ಮಗ ನಿಲ್ದಾಣದಲ್ಲಿ ಕಂಡಕಂಡವರಿಗೆ ಕೈಯೊಡ್ಡುವ ದೃಶ್ಯ. ಸೂರ್ಯ ಅಲ್ಲಿ ಕಲ್ಲನ್ನೂ ಕರಗಿಸುತ್ತಾನೆ, ಒಪ್ಪಿದೆ. ಆದರೆ ಅದು ಚಿತ್ರಕಥೆಯ ಕೈಚಳಕ. ಚಿತ್ರ ನೋಡಿದ ಗೋಪಿನಾಥರೇ, ಕಲ್ಪನೆ ಭಾಳ ಬೆರೆಸಿದ್ದಾರೆ, ಆದರೆ ತನ್ನ ಪುಸ್ತಕದ ಜೀವ ಹಿಡಿದಿದ್ದಾರೆ ಎಂಬರ್ಥದ ಮಾತಾಡಿದರು. ಆ ಪುಸ್ತಕ ಇಂಗ್ಲಿಷಿನ ‘ಸಿಂಪ್ಲಿ ಫ್ಲೈ’. ಅದನ್ನು ಪತ್ರಕರ್ತ ವಿಶ್ವೇಶ್ವರ ಭಟ್ಟರು ‘ಬಾನಯಾನ’ವೆಂದು ಕನ್ನಡಕ್ಕೂ ತಂದರು. ಅಂದರೆ ಕಥೆ ಕನ್ನಡದಲ್ಲಿ ಇತ್ತು ಸ್ವಾಮಿ, ಪುಸ್ತಕದ ಅಂಗಡಿಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು!

ಹುಬ್ಬಳ್ಳಿಯೇ ಯಾಕೆ?

ನಮ್ಮ ಊರಿಗೆ ವಿಮಾನ ನಿಲ್ದಾಣ ಇತ್ತು, ವಿಮಾನ ಇರಲಿಲ್ಲ. ಗೋಕುಲ ರೋಡಿನ ಆ ನಿಲ್ದಾಣ 1974ರ ಕಾಲದ್ದು. ಕಟ್ಟಿದ್ದು ರಾಜ್ಯದ ಲೋಕೋಪಯೋಗಿ ಇಲಾಖೆ. ರನ್‌ವೇ ಗಿಡ್ಡದು, ಸುಮಾರು 1,670 ಮೀಟರ್. ಜೆಟ್ ವಿಮಾನದ ಮಾತು ಕನಸಿನಾಗ. ಇತ್ತ ಊರು ಎಂಥದು? ವ್ಯಾಪಾರದ ಊರು. ಹತ್ತಿ, ಮೆಣಸಿನಕಾಯಿ, ಕಬ್ಬಿಣ, ಲಾರಿ. ಪಕ್ಕದ ಧಾರವಾಡದಲ್ಲಿ ವಿಶ್ವವಿದ್ಯಾಲಯ. ಬೆಂಗಳೂರು 400 ಕಿಲೋಮೀಟರಿಗೂ ದೂರ. ವಿಧಾನಸೌಧದಲ್ಲಿ ಅರ್ಧ ತಾಸಿನ ಕೆಲಸ ಇದ್ದರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಹೋಗಲಿಕ್ಕೆ, ಒಂದು ರಾತ್ರಿ ಬರಲಿಕ್ಕೆ. ಇಲ್ಲದಿದ್ದರೆ ಬಸ್ಸಿನಲ್ಲಿ ಕೂತು ಸೊಂಟ ಹಿಡಿಸಿಕೊಳ್ಳುವುದು.

ಗೋಪಿನಾಥರ ಲೆಕ್ಕ ಇಷ್ಟೇ. ದೊಡ್ಡ ಕಂಪನಿಗಳು ಮುಂಬೈ-ದಿಲ್ಲಿ ನಡುವೆ ಹೊಡೆದಾಡುತ್ತಿವೆ. ಅವರ್ಯಾರೂ ತಿರುಗಿ ನೋಡದ ಊರು ಹಿಡಿ. ಅಲ್ಲಿ ಎದುರಾಳಿ ವಿಮಾನ ಅಲ್ಲ, ರಾತ್ರಿ ಬಸ್ಸು! ಇದಕ್ಕೆ ಸರಿಹೊಂದಿದ್ದು ಎ.ಟಿ.ಆರ್. 42 ಎಂಬ ಎರಡು ಪಂಖದ ವಿಮಾನ. 48 ಸೀಟು. ಗಿಡ್ಡ ರನ್‌ವೇಯಲ್ಲೂ ಇಳಿಯುತ್ತದೆ, ಜೆಟ್ಟಿಗಿಂತ ಕಡಿಮೆ ಎಣ್ಣೆ ಕುಡಿಯುತ್ತದೆ. ಸಣ್ಣ ವಿಮಾನವೆಂದು ಎಣ್ಣೆಯ ಮೇಲಿನ ತೆರಿಗೆಯಲ್ಲೂ ಸರ್ಕಾರದ ರಿಯಾಯಿತಿ. ಕಂಪನಿ ತಂದದ್ದು ಹೊಸ ವಿಮಾನವೂ ಅಲ್ಲ, ಬಾಡಿಗೆಯ ಹಳೇ ಗಾಡಿ. ಅದಕ್ಕೆ ಬಣ್ಣ ಬಳಿದು ‘ಏರ್ ಡೆಕ್ಕನ್’ ಅಂತ ಬರೆಸಿದರು.

ಆಗ ನಾನು ಕೆಲಸವಿಲ್ಲದ ಪದವೀಧರ. ಅಪ್ಸರಾದಲ್ಲಿ ಮ್ಯಾಟಿನಿ ಮುಗಿಸಿ ಗೆಳೆಯನ ಸೈಕಲ್ ಹಿಂದೆ ಕೂತು ಗೋಕುಲ ರೋಡಿಗೆ ಹೋಗುವುದೇ ನಮ್ಮ ಸಂಜೆಯ ಕಾರ್ಯಕ್ರಮ. ಕಂಪೌಂಡಿನ ಹೊರಗೆ ಚುರುಮುರಿ ಮಿರ್ಚಿಯವನೂ ಬಂದು ನಿಂತಿದ್ದ ಅಂದರೆ ಜನ ಎಷ್ಟಿದ್ದರು ಲೆಕ್ಕ ಹಾಕಿ. ದೂರದಲ್ಲಿ ಗುಂಯ್‌ಗುಡುವ ಸಪ್ಪಳ ಕೇಳಿದರೆ ಸಾಕು, ಎಲ್ಲರ ಕತ್ತೂ ಮೇಲೆ. ಇಳಿಯುವಾಗ ಒಬ್ಬ ಮುದುಕ ಕೈ ಮುಗಿದ. ಪಕ್ಕದ ಹುಡುಗ, “ಯಾಕಜ್ಜಾ?” ಅಂದರೆ, “ಗರುಡ ಕಂಡ್ರ ಮುಗೀತೀವಿಲ್ಲೋ, ಇದೂ ಹಂಗ” ಅಂದ.

ಅಲ್ಲಿಯವರೆಗೆ ವಿಮಾನ ಅಂದರೆ ನಮಗೆ ಪರದೆಯ ಮೇಲಿನ ವಸ್ತು. ವಿಲಾಯತಿಯಲ್ಲಿ ಓದಿ ಬರುವ ನಾಯಕ ಕೋಟು ಹಾಕಿಕೊಂಡು ಮೆಟ್ಟಿಲಿಳಿಯಬೇಕು, ಕೆಳಗೆ ಸಾಹುಕಾರ ತಂದೆ ಹಾರ ಹಿಡಿದು ನಿಂತಿರಬೇಕು. 1978ರಲ್ಲಿ ದ್ವಾರಕೀಶ್ ಅವರು ವಿಷ್ಣು ಜೊತೆ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ಮಾಡಿ ಕನ್ನಡದವರನ್ನು ಮೊದಲ ಸಲ ಹೊರದೇಶದ ಶೂಟಿಂಗಿಗೆ ಒಯ್ದರಲ್ಲ, ಆ ಚಿತ್ರಕ್ಕೆ ಅರ್ಧ ಕಳೆ ವಿಮಾನದ್ದೇ! ಅಂಥ ವಸ್ತು ನಮ್ಮ ಊರಿನ ಹೊಲದ ಮೇಲೆ ಹಾರತೊಡಗಿತು. ಅದರಿಂದ ಕೋಟು ಹಾಕಿದ ನಾಯಕರು ಮಾತ್ರ ಇಳಿಯಲಿಲ್ಲ. ಧೋತರ, ಟೊಪ್ಪಿಗೆ, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದವರೂ ಇಳಿದರು.

ನಮ್ಮ ಓಣಿಯ ಕಿರಾಣಿ ಅಂಗಡಿ ಕಾಕಾ ಹೋಗಿ ಬಂದ ಮೇಲೆ ಒಂದು ವಾರ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. “ಮ್ಯಾಲಿಂದ ನೋಡಿದ್ರ ಉಣಕಲ್ ಕೆರಿ ಒಂದು ತಾಟಿನಷ್ಟ ಕಾಣತೈತಿ ತಮ್ಮಾ!” ಅನ್ನುತ್ತಿದ್ದ. ಸಕ್ಕರೆ ತೂಗುವುದು ಮರೆತು ಕೈಯನ್ನೇ ವಿಮಾನ ಮಾಡಿ ತೋರಿಸುತ್ತಿದ್ದ.

ಬ್ಲಾಕ್ ಟಿಕೆಟ್ಟಿನ ಅರ್ಥಶಾಸ್ತ್ರ

ಒಂದು ರೂಪಾಯಿಗೆ ವಿಮಾನ! ಇದು ಹೇಗೆ ಸಾಧ್ಯ ಅಂತ ಆಗ ದೊಡ್ಡ ದೊಡ್ಡ ಪಂಡಿತರು ತಲೆ ಕೆರೆದುಕೊಂಡರು. ಚಿತ್ರರಸಿಕರಾದ ನಿಮಗೆ ಇದನ್ನು ಒಂದೇ ನಿಮಿಷದಲ್ಲಿ ತಿಳಿಸಬಹುದು.

ಮ್ಯಾಟಿನಿ ಶೋದಲ್ಲಿ ಖಾಲಿ ಉಳಿದ ಕುರ್ಚಿಯನ್ನು ನಾಳೆ ಮಾರಲು ಬರುತ್ತದೆಯೇ? ಇಲ್ಲ. ಬಾಗಿಲು ಹಾಕಿದರೆ ಆ ಕುರ್ಚಿಯ ಹಣ ಹೋಯಿತು. ವಿಮಾನದ ಸೀಟೂ ಹಾಗೇ. 48 ಮಂದಿ ಕೂತರೂ, 20 ಮಂದಿ ಕೂತರೂ ಪೈಲಟ್ಟಿನ ಸಂಬಳ ಅಷ್ಟೇ, ವಿಮಾನದ ಬಾಡಿಗೆ ಅಷ್ಟೇ, ಎಣ್ಣೆಯೂ ಹೆಚ್ಚೂಕಡಿಮೆ ಅಷ್ಟೇ. ಹೀಗಾಗಿ ಎಷ್ಟೋ ದಿನ ಮೊದಲೇ ತೆಗೆಸಿದವನಿಗೆ ಕೆಲವು ಸೀಟು ಚಿಲ್ಲರೆ ಕಾಸಿಗೆ. ದಿನ ಹತ್ತಿರ ಬಂದಂತೆ ದರ ಏರುತ್ತದೆ. ನಾಳೆ ಬೆಳಿಗ್ಗೆಯೇ ಹೋಗಬೇಕೆಂದು ಓಡಿ ಬಂದವನಿಗೆ ಪೂರಾ ಬೆಲೆ. ಅಣ್ಣಾವ್ರ ಚಿತ್ರದ ಮೊದಲ ದಿನ ಮೊದಲ ಆಟಕ್ಕೆ ಬ್ಲಾಕಿನವನು ಗಂಟೆ ಬಾರಿಸುವ ಹೊತ್ತಿಗೆ ರೇಟು ಏರಿಸುತ್ತಿದ್ದನಲ್ಲ, ಅದೇ ಶಾಸ್ತ್ರ. ಇಲ್ಲಿ ಅದನ್ನು ಮಾಡುವುದು ಕಂಪ್ಯೂಟರು, ಪೊಲೀಸರು ಹಿಡಿಯುವುದಿಲ್ಲ! ಒಂದು ರೂಪಾಯಿಯ ಸೀಟು ಎಲ್ಲರಿಗೂ ಸಿಗಲಿಲ್ಲ. ಸಿಕ್ಕವನೂ ಮೇಲೆ ತೆರಿಗೆ, ಶುಲ್ಕ ಕಟ್ಟಬೇಕಿತ್ತು. ಆದರೆ ಅದರ ಸುದ್ದಿ ಎಲ್ಲರಿಗೂ ಸಿಕ್ಕಿತು. ಪೋಸ್ಟರಿಗೆ ಖರ್ಚಿಲ್ಲದ ಪ್ರಚಾರ.

ಮತ್ತೆ ಖರ್ಚು ಕಡಿತ. ಪುಕ್ಕಟೆ ಊಟ ಇಲ್ಲ. ಬೇಕಾದವನು ದುಡ್ಡು ಕೊಟ್ಟು ಸ್ಯಾಂಡ್‌ವಿಚ್ ತಿನ್ನಬೇಕು, ನೀರನ್ನೂ ಕೊಳ್ಳಬೇಕು. ಬಾಲ್ಕನಿ ಇಲ್ಲ, ಎಲ್ಲವೂ ಗಾಂಧಿ ಕ್ಲಾಸು. ದಪ್ಪ ಕಾಗದದ ಟಿಕೆಟ್ ಇಲ್ಲ; ಇಂಟರ್‌ನೆಟ್ಟಿನಲ್ಲಿ ತೆಗೆಸಿ ಒಂದು ಹಾಳೆ ಹಿಡಿದು ಬಾ. ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಮಾರಿದರು. ಸೀಟಿಗೆ ನಂಬರೂ ಇಲ್ಲ! ಮೊದಲು ಹತ್ತಿದವನಿಗೆ ಕಿಟಕಿ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಒಗೆದು ಜಾಗ ಹಿಡಿಯುವ ವಿದ್ಯೆ ಕಲಿತವರಿಗೆ ಇದೇನು ಹೊಸದಲ್ಲ. ಆದರೆ ಇಸ್ತ್ರಿ ಮಾಡಿದ ಅಂಗಿಯ ಸಾಹೇಬರು ಬ್ರೀಫ್‌ಕೇಸ್ ಎದೆಗವಚಿ ವಿಮಾನದ ಕಡೆ ಓಡುವುದು... ಅದನ್ನು ಯಾವ ಹಾಸ್ಯನಟನೂ ಮಾಡಿ ತೋರಿಸಲಾರ.

ಈ ತಂತ್ರವೆಲ್ಲ ಅಮೆರಿಕಾದ ಸೌತ್‌ವೆಸ್ಟ್ 1971ರಿಂದಲೂ ಮಾಡಿ ತೋರಿಸಿದ್ದು; ಯೂರೋಪಿನಲ್ಲಿ ರಯಾನ್‌ಏರ್ ಅದನ್ನೇ ಇನ್ನೂ ಬಿಗಿ ಮಾಡಿತು. ನಮ್ಮಲ್ಲಿ ತಂದವರು ಗೋಪಿನಾಥ್. ಕಂಪನಿಯ ಗುರುತಿಗೆ ಆರಿಸಿಕೊಂಡದ್ದು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’. ಚೌಕಳಿ ಕೋಟು, ಧೋತರ, ಬಕ್ಕ ತಲೆಯ ಆ ಮನುಷ್ಯ. ಇಂಥ ‘ಹೀರೋ’ನನ್ನು ಹಾಕಿಕೊಂಡು ವಿಮಾನ ಕಂಪನಿ ನಡೆಸಲು ಎದೆಗಾರಿಕೆ ಬೇಕು.

ಫೈಟಿಂಗ್ ಸೀನು

ಹಾಗಂತ ಎಲ್ಲ ಸುಸೂತ್ರ ಅಲ್ಲ. ಶುರುವಾಗಿ ಇನ್ನೂ ಒಂದು ತಿಂಗಳು. 2003ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಉದ್ಘಾಟನೆಯ ಹಾರಾಟ. ಒಳಗೆ ಕೂತವರು ಯಾರು? ಆಗಿನ ಬಿ.ಜೆ.ಪಿ. ಅಧ್ಯಕ್ಷ ವೆಂಕಯ್ಯ ನಾಯ್ಡು, ವಿಮಾನ ಖಾತೆಯ ಮಂತ್ರಿ ರಾಜೀವ್ ಪ್ರತಾಪ್ ರೂಡಿ! ಇನ್ನೇನು ಏಳಬೇಕು, ಎಂಜಿನ್ನಿಗೆ ಬೆಂಕಿ. ಎಲ್ಲರನ್ನೂ ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಆದರೆ ಮರುದಿನದ ಪತ್ರಿಕೆ ನೆನೆಸಿಕೊಳ್ಳಿ. ಸಿನಿಮಾದಲ್ಲಾಗಿದ್ದರೆ, ಅತಿಯಾಯಿತು ಅಂತ ಈ ಸೀನು ಕತ್ತರಿಸುತ್ತಿದ್ದರು.

ಆದರೂ ಕಂಪನಿ ಬಿದ್ದುಹೋಗಲಿಲ್ಲ. 2004ರಲ್ಲಿ ದೊಡ್ಡ ಏರ್‌ಬಸ್ ಜೆಟ್‌ಗಳನ್ನೂ ತಂದು ದಿಲ್ಲಿಗೆ ಹಾರಿಸಿತು. ನಾಲ್ಕು ವರ್ಷ ತುಂಬುವಷ್ಟರಲ್ಲಿ 40ಕ್ಕೂ ಹೆಚ್ಚು ವಿಮಾನ, 60ಕ್ಕೂ ಹೆಚ್ಚು ಊರು. ಒಂದು ಬಾಡಿಗೆ ಗಾಡಿಯಿಂದ ಅಲ್ಲಿಗೆ! ಚಿತ್ರದಲ್ಲಿ ಪರೇಶ್ ರಾವಲ್ ಮಾಡಿದ ‘ಜಾಜ್’ ಏರ್‌ಲೈನ್ಸಿನ ಖಳನಾಯಕ ಹೆಜ್ಜೆಹೆಜ್ಜೆಗೂ ಕಲ್ಲು ಹಾಕುತ್ತಾನೆ. ಖರೇ ಕಥೆಯಲ್ಲಿ ಅಷ್ಟು ಚೆಂದದ ಖಳನಾಯಕ ಇಲ್ಲ, ಅದೇ ಕಷ್ಟ. ಖಳನಾಯಕ ಅಂದರೆ ಲೆಕ್ಕದ ಪುಸ್ತಕ.

ನೋಡಿ, ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಂಥ ಊರಿಗೆ 48 ಸೀಟಿನ ವಿಮಾನ ಹಾರಿಸಿದಷ್ಟು ದಿನ ಇವರ ದಾರಿಯಲ್ಲಿ ಎದುರಾಳಿ ಇರಲಿಲ್ಲ. ಏರ್‌ಬಸ್ ತಂದು ದಿಲ್ಲಿ-ಮುಂಬೈಗೆ ಇಳಿದ ದಿನ ದೊಡ್ಡ ಮೀನುಗಳ ಮಡುವಿಗೆ ಬಿದ್ದಂತಾಯಿತು. ಸೌತ್‌ವೆಸ್ಟ್ ಒಂದೇ ಜಾತಿಯ ವಿಮಾನ ಇಟ್ಟುಕೊಂಡು ಬಾಳಿದ ಕಂಪನಿ. ಪೈಲಟ್, ಮೆಕ್ಯಾನಿಕ್, ಬಿಡಿಭಾಗ ಎಲ್ಲ ಒಂದೇ. ಇವರದು ಎರಡು ಜಾತಿ, ಎರಡು ಸಂಸಾರ. ಅಷ್ಟರಲ್ಲಿ 2005-06ರಲ್ಲಿ ಸ್ಪೈಸ್‌ಜೆಟ್, ಗೋಏರ್, ಇಂಡಿಗೋ ಸಾಲಾಗಿ ಬಂದವು. ಎಲ್ಲರದೂ ಅಗ್ಗದ ಟಿಕೆಟ್ಟೇ. ವಿಮಾನ ತಡ ಎಂಬ ದೂರು ಏರ್ ಡೆಕ್ಕನ್‌ಗೆ ಅಂಟಿಕೊಂಡಿತು. ಜನ ಜೋಕು ಕಟ್ಟಿ ನಕ್ಕರು. 2006ರಲ್ಲಿ ಷೇರು ಮಾರಲು ಹೊರಟರೆ ಅದೇ ಹೊತ್ತಿಗೆ ಪೇಟೆ ಕುಸಿಯಿತು. ದರ ಇಳಿಸಿ, ದಿನ ಮುಂದೂಡಿ ಹೇಗೋ ದಡ ಮುಟ್ಟಿಸಿದರು. ಅತ್ತ ನಷ್ಟ ಏರುತ್ತಲೇ ಇತ್ತು.

ಇಂಟರ್ವಲ್ ನಂತರ

ಚಿತ್ರ ಮುಗಿಯುವುದು ಎಲ್ಲಿ? ವಿಮಾನ ಇಳಿಯುತ್ತದೆ, ಹಳ್ಳಿಯವರು ಇಳಿಯುತ್ತಾರೆ, ನಾಯಕನ ಕಣ್ಣಲ್ಲಿ ನೀರು, ಶುಭಂ! ಆದರೆ ಖರೇ ಕಥೆಗೆ ಅದು ಇಂಟರ್ವಲ್ ಕೂಡ ಅಲ್ಲ. ಉಳಿದ ರೀಲು ಇಲ್ಲಿದೆ.

2005ರ ಮೇ ತಿಂಗಳಲ್ಲಿ ವಿಜಯ್ ಮಲ್ಯ ಕಿಂಗ್‌ಫಿಷರ್ ಏರ್‌ಲೈನ್ಸ್ ಶುರು ಮಾಡಿದ್ದರು. ಅವರದು ಇದಕ್ಕೆ ತದ್ವಿರುದ್ಧ. ಕೆಂಪು ಸಮವಸ್ತ್ರ, ಸೀಟಿಗೊಂದು ಟಿ.ವಿ., ಭರ್ಜರಿ ಊಟ. ಅದು ಬಾಲ್ಕನಿ, ಇದು ನೆಲ. ಎರಡೂ ಬೆಂಗಳೂರಿನವೇ! 2007ರ ಮಧ್ಯದಲ್ಲಿ ಮಲ್ಯರ ಗುಂಪು 550 ಕೋಟಿ ರೂಪಾಯಿ ಕೊಟ್ಟು ಡೆಕ್ಕನ್ನಿನ ನೂರಕ್ಕೆ 26 ಪಾಲು ಕೊಂಡಿತು. ಆಮೇಲೆ ಇನ್ನಷ್ಟು. ಹೆಸರು ‘ಸಿಂಪ್ಲಿಫ್ಲೈ ಡೆಕ್ಕನ್’ ಆಯಿತು, 2008ರ ಆಗಸ್ಟಿನಲ್ಲಿ ‘ಕಿಂಗ್‌ಫಿಷರ್ ರೆಡ್’ ಆಯಿತು. ಶ್ರೀಸಾಮಾನ್ಯ ವಿಮಾನದಿಂದ ಇಳಿದುಹೋದ.

ಇಲ್ಲೊಂದು ಸ್ವಾರಸ್ಯ. ಆಗಿನ ನಿಯಮದ ಪ್ರಕಾರ ಐದು ವರ್ಷ ದೇಶದೊಳಗೆ ಹಾರಿದ, 20 ವಿಮಾನ ಇರುವ ಕಂಪನಿಗೆ ಮಾತ್ರ ಹೊರದೇಶಕ್ಕೆ ಹೋಗಲು ಪರವಾನಗಿ. ಕಿಂಗ್‌ಫಿಷರಿಗೆ ಐದು ತುಂಬಿರಲಿಲ್ಲ. ಡೆಕ್ಕನ್ನಿಗೆ 2008ರ ಆಗಸ್ಟಿಗೆ ತುಂಬುತ್ತಿತ್ತು. ಕಾಗದದ ಮೇಲೆ ಕಿಂಗ್‌ಫಿಷರನ್ನೇ ಡೆಕ್ಕನ್ನಿನೊಳಗೆ ಸೇರಿಸಿ, ಆಮೇಲೆ ಡೆಕ್ಕನ್ನಿಗೆ ಕಿಂಗ್‌ಫಿಷರ್ ಅಂತ ಹೆಸರಿಟ್ಟರು. ಡಬ್ಬಿಂಗ್ ಇದ್ದಂತೆ ನೋಡಿ: ಮೈ ಒಬ್ಬನದು, ದನಿ ಇನ್ನೊಬ್ಬನದು! 2008ರ ಸೆಪ್ಟೆಂಬರ್ 3ರಂದು ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು. ಆ ಐದು ವರ್ಷದ ಲೆಕ್ಕ ಶುರುವಾದದ್ದು ಎಲ್ಲಿಂದ? ನಮ್ಮ ಹುಬ್ಬಳ್ಳಿಯ ಹಾರಾಟದಿಂದ. ಲಂಡನ್ನಿನ ವಿಮಾನಕ್ಕೆ ಮೆಟ್ಟಿಲಾದದ್ದು ಗೋಕುಲ ರೋಡು ಅಂತ ಅಲ್ಲಿ ಶಾಂಪೇನ್ ಕುಡಿದವರಿಗೆ ಗೊತ್ತಿತ್ತೋ ಇಲ್ಲವೋ!

ಕಾಲವೂ ಕೆಟ್ಟಿತ್ತು. ಆ ಜುಲೈನಲ್ಲೇ ಕಚ್ಚಾ ಎಣ್ಣೆ ಪೀಪಾಯಿಗೆ 147 ಡಾಲರ್ ಮುಟ್ಟಿತ್ತು. ಇನ್ನೊಂದು ಪೆಟ್ಟು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ: 2008ರ ಮೇ 24ಕ್ಕೆ ಬೆಂಗಳೂರಿನ ವಿಮಾನ ನಿಲ್ದಾಣ ಊರೊಳಗಿನ ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋಯಿತು. ಲಂಡನ್ನಿಗೆ ಹೋಗುವವನಿಗೆ ಅದು ಏನೂ ಅಲ್ಲ. ಹುಬ್ಬಳ್ಳಿಯಿಂದ ಒಂದು ತಾಸು ಹಾರಿ ಬಂದವನಿಗೆ? ಮೆಜೆಸ್ಟಿಕ್ ಮುಟ್ಟಲು ಇನ್ನೂ 35 ಕಿಲೋಮೀಟರಿಗೂ ಹೆಚ್ಚು. ವಿಮಾನದಲ್ಲಿ ಉಳಿಸಿದ ಸಮಯವನ್ನು ಟ್ಯಾಕ್ಸಿಯಲ್ಲಿ ಕಳೆದ. ರಾಣಿ ಚೆನ್ನಮ್ಮ ಮಾತ್ರ ನೇರ ಊರ ನಡುವೆ ಇಳಿಸುತ್ತಿದ್ದಳು, ಜೊತೆಗೆ ನಿದ್ದೆಯೂ ಆಗುತ್ತಿತ್ತು.

ಉಳಿದದ್ದು ನಿಮಗೆ ಗೊತ್ತು. 2011ರ ಸೆಪ್ಟೆಂಬರಿನಲ್ಲಿ ‘ರೆಡ್’ ನಿಲ್ಲಿಸುವುದಾಗಿ ಮಲ್ಯ ಹೇಳಿದರು. 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದ ಪೈಲಟ್‌ಗಳು, ಎಂಜಿನಿಯರುಗಳು ಕೆಲಸ ಬಿಟ್ಟು ಕೂತರು. ಅಕ್ಟೋಬರಿನಲ್ಲಿ ವಿಮಾನಗಳು ನಿಂತವು, ಡಿಸೆಂಬರ್ 31ಕ್ಕೆ ಪರವಾನಗಿ ಮುಗಿಯಿತು. ಬ್ಯಾಂಕುಗಳ ಸಾವಿರಾರು ಕೋಟಿ ಸಾಲ ಉಳಿಯಿತು. 2016ರ ಮಾರ್ಚಿನಲ್ಲಿ ಮಲ್ಯ ದೇಶ ಬಿಟ್ಟರು. ಇದರ ನಡುವೆ ನನಗೆ ನೆನಪಾಗುವುದು ಮಾತ್ರ ಸಣ್ಣ ಊರಿನ ಹುಡುಗ-ಹುಡುಗಿಯರು. ಸಾಮಾನು ತೂಗುವವ, ಕೌಂಟರಿನಲ್ಲಿ ಕೂತವಳು, ಮೆಟ್ಟಿಲು ತಳ್ಳುವವ. ವಿಮಾನ ಕಂಪನಿಯ ನೌಕರಿ ಅಂತ ಮನೆಯಲ್ಲಿ ಪೇಢೆ ಹಂಚಿ ಸೇರಿದವರು. ದೊಡ್ಡವರ ಹೆಸರಿನ ಮೇಲೆ ಪುಸ್ತಕ ಬಂದವು, ಚಿತ್ರ ಬಂದವು. ಈ ಮಂದಿಗೆ ಒಂದು ಸೀನೂ ಸಿಗಲಿಲ್ಲ.

ಗೋಪಿನಾಥ್ ಸುಮ್ಮನೆ ಕೂರುವ ಆಸಾಮಿ ಅಲ್ಲ. 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತು ಸೋತರು. ಸರಕು ಸಾಗಿಸುವ ‘ಡೆಕ್ಕನ್ 360’ ಮಾಡಿದರು, ಅದು ಬಹಳ ದಿನ ಬಾಳಲಿಲ್ಲ. ಕೇಂದ್ರ ಸರ್ಕಾರ ಸಣ್ಣ ಊರುಗಳಿಗಾಗಿ ‘ಉಡಾನ್’ ಯೋಜನೆ ತಂದಾಗ ಅದೇ ಹಳೇ ಹೆಸರು ಎತ್ತಿಕೊಂಡು ಮತ್ತೆ ಬಂದರು. 2017ರ ಡಿಸೆಂಬರ್ 23ಕ್ಕೆ ಏರ್ ಡೆಕ್ಕನ್ ಎರಡನೇ ಜನ್ಮ, ಮುಂಬೈ-ಜಳಗಾಂವ್ ನಡುವೆ, ಇಪ್ಪತ್ತು ಸೀಟೂ ಇಲ್ಲದ ಪುಟ್ಟ ವಿಮಾನದಲ್ಲಿ. ಈ ಸಲ ಮುಹೂರ್ತ ನಮ್ಮಲ್ಲಿ ಆಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೊರೋನಾ ಹೊಡೆತಕ್ಕೆ ಅದೂ ನಿಂತಿತು. ಏಳೇ ತಿಂಗಳಿಗೆ ಅದೇ ಕೊರೋನಾ ಕಾಲದಲ್ಲಿ ಸೂರ್ಯನ ಚಿತ್ರ ಬಂದು ಮನೆಮನೆಯಲ್ಲಿ ಹಾರಿತು! ವಿಧಿ ಎಂಥ ಎಡಿಟರ್ ನೋಡಿ.

ಎರಡನೇ ಮುಹೂರ್ತ

ಹುಬ್ಬಳ್ಳಿಯ ಕೈಗುಣ ಮಾತ್ರ ಹೋಗಿಲ್ಲ. 2017ರ ಡಿಸೆಂಬರ್ 12ಕ್ಕೆ ನಮ್ಮ ನಿಲ್ದಾಣಕ್ಕೆ ಹೊಸ ಕಟ್ಟಡ ಬಂತು. ರನ್‌ವೇ 2,600 ಮೀಟರಿಗೆ ಬೆಳೆಯಿತು. 2018ರಲ್ಲಿ ಇಂಡಿಗೋದ ಏರ್‌ಬಸ್ಸೇ ಬಂದು ಇಳಿಯಿತು. ಮರುವರ್ಷ ಕೊಲ್ಹಾಪುರ ಕಡೆಯ ಸಂಜಯ ಘೋಡಾವತ್ ಗುಂಪಿನವರು ‘ಸ್ಟಾರ್ ಏರ್’ ಶುರು ಮಾಡಿದಾಗ, 2019ರ ಜನವರಿ 25ರಂದು, ಅವರ ಮೊದಲ ಹಾರಾಟ ಎಲ್ಲಿಗೆ ಅನ್ನುತ್ತೀರಿ? ಬೆಂಗಳೂರು-ಹುಬ್ಬಳ್ಳಿ! ಎರಡು ಕಂಪನಿ, ಒಂದೇ ದಾರಿಯಲ್ಲಿ ತೆಂಗಿನಕಾಯಿ. ಈ ಸಲ 50 ಸೀಟಿನ ಎಂಬ್ರೇಯರ್ ಜೆಟ್. ಅದೇ ವರ್ಷದ ನವೆಂಬರಿನಲ್ಲಿ ದಿಲ್ಲಿ ಪಕ್ಕದ ಹಿಂಡನ್‌ಗೆ ಹಾರಿಸಿದರು, ಕಲಬುರಗಿಯ ಹೊಸ ನಿಲ್ದಾಣಕ್ಕೂ ಮೊದಲು ಇಳಿದರು. ಇವರ ಜಾಣತನ ಏನೆಂದರೆ, ದೊಡ್ಡ ಮಡುವಿಗೆ ಹಾರುವ ಅವಸರ ಮಾಡಲಿಲ್ಲ.

ತಾರೆಯರ ಬಗ್ಗೆ ಕೇಳುವ ಹುಡುಗರಿಗೆ ಒಂದು ಉಪಕಥೆ: ತೆಲುಗಿನ ರಾಮ್ ಚರಣ್ ಹೆಸರು ಸೇರಿಕೊಂಡಿದ್ದ ‘ಟ್ರೂಜೆಟ್’ 2015ರಲ್ಲಿ ಹೈದರಾಬಾದಿನಿಂದ ಶುರುವಾಗಿ, 2020ರ ಫೆಬ್ರವರಿಯಲ್ಲಿ ನಮ್ಮ ಬೀದರಿಗೂ ಬಂತು. 2022ರಲ್ಲಿ ನಿಂತಿತು. ಬಾಕ್ಸಾಫೀಸಿನ ಕುದುರೆಗೂ ವಿಮಾನದ ಧಂದೆ ಒಗ್ಗಲಿಲ್ಲ.

ಈಗ ಕಡೆಗಿಟ್ಟ ಪ್ರಶ್ನೆ. ಸುಧಾ ಕೊಂಗರ ಈ ಚಿತ್ರಕ್ಕೆ ನಮ್ಮ ಅಚ್ಯುತ್ ಕುಮಾರ್, ಪ್ರಕಾಶ್ ಬೆಳವಾಡಿ ಇಬ್ಬರನ್ನೂ ಕರೆಸಿಕೊಂಡರು. ಪಾತ್ರಧಾರಿಗಳು ನಮ್ಮವರು, ಕಥಾನಾಯಕ ನಮ್ಮವ, ಊರು ಮಾತ್ರ ಅವರದು. 2024ರ ಜುಲೈ 12ಕ್ಕೆ ಹಿಂದಿಯಲ್ಲಿ ‘ಸರ್ಫಿರಾ’ ಬಂತು. ಅಕ್ಷಯ್ ಕುಮಾರ್ ನಾಯಕ, ಊರು ಮಹಾರಾಷ್ಟ್ರಕ್ಕೆ ಹೋಯಿತು, ಬೆಳವಾಡಿ ಅಲ್ಲೂ ಅದೇ ಪಾತ್ರ. ಟಾಕೀಸಿನಲ್ಲಿ ಮಲಗಿತು. ಇಬ್ಬರೂ ತಮ್ಮ ಮಣ್ಣಿಗೆ ಕಥೆ ಬದಲಿಸಿಕೊಂಡದ್ದು ತಪ್ಪಲ್ಲ, ಚಿತ್ರ ಮಾಡುವವನ ಹಕ್ಕು ಅದು. ಆದರೆ ಗೊರೂರಿನ ಮುಳುಗಿದ ಗದ್ದೆ, ಜಾವಗಲ್ಲಿನ ಡೇರೆ, ಹಾಸನದ ಇಡ್ಲಿ ಹೋಟೆಲು, ಗೋಕುಲ ರೋಡಿನ ಕಂಪೌಂಡು, ಧೋತರದ ಯಜಮಾನರು ಟವಲ್ ಹಿಡಿದು ಸೀಟಿಗೆ ಓಡಿದ್ದು... ಇವ್ಯಾವುವೂ ಎರಡೂ ಚಿತ್ರದಲ್ಲಿಲ್ಲ. ಮಲ್ಯರ ರೀಲಂತೂ ಪೂರ್ತಿ ಬಾಕಿ ಇದೆ. ನಮ್ಮ ನಿರ್ಮಾಪಕರಿಗೆ ಇದು ರೀಮೇಕ್ ಆಗುವುದಿಲ್ಲ, ಮೂಲವೇ ಆಗುತ್ತದೆ.

ಒಂದು ಸಲ ಹತ್ತಿರಕ್ಕೆ ಬಂದಿತ್ತು ಅನ್ನಬೇಕು. ಲಾರಿ-ಬಸ್ಸುಗಳ ದೊರೆ, ನಮ್ಮ ಹುಬ್ಬಳ್ಳಿಯ ವಿಜಯ ಸಂಕೇಶ್ವರರ ಜೀವನ ‘ವಿಜಯಾನಂದ್’ ಎಂಬ ಚಿತ್ರವಾಗಿ, ರಿಷಿಕಾ ಶರ್ಮಾ ನಿರ್ದೇಶನದಲ್ಲಿ, ನಿಹಾಲ್ ನಾಯಕನಾಗಿ 2022ರ ಡಿಸೆಂಬರ್ 9ಕ್ಕೆ ತೆರೆ ಕಂಡಿತು. ಅದಕ್ಕೆ ಏಳು ವರ್ಷ ಮೊದಲು, 2015ರ ನವೆಂಬರಿನಲ್ಲಿ, ವಿ.ಆರ್.ಎಲ್. ಮಾಲೀಕರು ತಾವೂ ವಿಮಾನ ಕಂಪನಿ ಶುರು ಮಾಡುವ ವಿಚಾರ ಹೊರಗೆ ಬಿಟ್ಟಿದ್ದರು. ಷೇರು ಪೇಟೆ ಬೆಚ್ಚಿ ಬಿತ್ತು. ವಿಚಾರ ಅಷ್ಟೇ ಬೇಗ ವಾಪಸಾಯಿತು. ಚಹಾದ ಅಂಗಡಿಯಲ್ಲಿ ಆ ದಿನ ನಮ್ಮ ಕಾಕಾ ಅಂದದ್ದು: “ಲಾರಿ ಪಂಕ್ಚರ್ ಆದ್ರ ರೋಡಿನ ಬಾಜೂಕ ನಿಲ್ಲಸ್ಬಹುದು ತಮ್ಮಾ. ಅದನ್ನ ಎಲ್ಲಿ ನಿಲ್ಲಸ್ತಿ?”